ಗದೆ ಕೊಟ್ಟವರ ಹೆಸರು ಬಂತು, ಗೆದ್ದವನದು?

ಮೊನ್ನೆ ನಿಪ್ಪಾಣಿ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡೀತಾ ಎರಡು ಪೇಪರ್ ಮುಂದಿಟ್ಟುಕೊಂಡು ಕೂತಿದ್ದೆ. ಒಂದು ಕನ್ನಡದ್ದು, ಇನ್ನೊಂದು ಮರಾಠಿಯದು. ಕನ್ನಡದ ಕ್ರೀಡಾಪುಟದ ತುಂಬ ಕ್ರಿಕೆಟ್ಟು, ಮೂಲೆಯಲ್ಲೊಂದಿಷ್ಟು ಟೆನಿಸ್ಸು. ಮರಾಠಿಯದರಲ್ಲಿ ಇಲ್ಲೇ ಹತ್ತಿರದ ಜಾತ್ರೆಯ ಕುಸ್ತಿ. ಯಾರು ಯಾರನ್ನು ಯಾವ ಡಾವಿನಲ್ಲಿ ಚಿತ್ ಮಾಡಿದ ಅನ್ನೋದು ಸಮೇತ ಇತ್ತು. ಗೆದ್ದ ಹುಡುಗ ರಾಯಬಾಗ ತಾಲ್ಲೂಕಿನವ, ಮನೆಯಲ್ಲಿ ಕನ್ನಡ ಮಾತಾಡೋನು. ಅವನ ಸುದ್ದಿಯನ್ನ ನಾನು ಮರಾಠಿಯಲ್ಲಿ ಓದಬೇಕಾಯ್ತು!

ಪತ್ರಿಕೆಯ ಗೆಳೆಯರು ಸಿಕ್ಕಾಗಲೆಲ್ಲ "ಕಾಂಪಿಟೇಶನ್ ಭಾಳ ಐತ್ರೀ ಸರ" ಅಂತಾರೆ. ಯಾವುದರಲ್ಲಿ ಸ್ವಾಮಿ ಕಾಂಪಿಟೇಶನ್ನು? 1999ರಲ್ಲಿ ವಿಜಯ ಕರ್ನಾಟಕ ಬಂದ ಮೇಲೆ ಕನ್ನಡ ಪತ್ರಿಕೆಗಳ ನಡುವೆ ಬೆಲೆಯ ಜಗಳ ಆಯ್ತು, ಆವೃತ್ತಿಗಳ ಜಗಳ ಆಯ್ತು. 2012ರಲ್ಲಿ ವಿಜಯವಾಣಿ ಬಂದಾಗ ಮತ್ತೊಂದು ಸುತ್ತು. ಊರೂರ ಸುದ್ದಿ ಪತ್ರಿಕೆಯಲ್ಲಿ ಹೆಚ್ಚಾಯ್ತು, ಒಳ್ಳೇದೇ. ಆದರೆ "ಅವರ ಕುಸ್ತಿ ವರದಿಗಿಂತ ನಮ್ಮದು ಚೆನ್ನಾಗಿರಬೇಕು" ಅಂತ ಯಾರಾದರೂ ಹಟ ಹಿಡಿದದ್ದನ್ನ ನಾನಂತೂ ಕಂಡಿಲ್ಲ.

ಇಷ್ಟು ಸಿಟ್ಟು ಯಾಕೆ ಅಂದ್ರೆ, ಕೆಲವು ವರ್ಷ ನಾನೂ ಚಿಕ್ಕೋಡಿಯಿಂದ ಒಂದು ಪತ್ರಿಕೆಗೆ ಬಿಡಿ ಸುದ್ದಿ ಕಳಿಸುತ್ತಿದ್ದವನು. (ಹೆಸರು ಬೇಡ ಬಿಡಿ.) ಆಗ ಸುದ್ದಿಯ ಕವರನ್ನ ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳಿಸೋದು. ಒಂದು ಜಾತ್ರೆಯಲ್ಲಿ ಕಡೇ ಕುಸ್ತಿ ಮುಗಿಯೋ ಹೊತ್ತಿಗೆ ದೀಪ ಹಚ್ಚಿದ್ದರು. ಮುಕ್ಕಾಲು ತಾಸು ನಡೆದ ನಿಕಾಲಿ ಕುಸ್ತಿ! ಹಲಗಿ ಬಡಿಯೋರ ಕೈ ಸೋತಿತ್ತು. ನಾನು ಎರಡು ಪುಟ ಬರೆದು ಕಡೇ ಬಸ್ಸಿಗೆ ಕೊಟ್ಟೆ. ಮರುದಿನ ಜಿಲ್ಲಾ ಪುಟದಲ್ಲಿ ಬಂದದ್ದು ನಾಲ್ಕು ಸಾಲು. ಬೆಳ್ಳಿ ಗದೆ ಕೊಟ್ಟ ಮುಖಂಡರ ಹೆಸರು, ವೇದಿಕೆ ಮೇಲಿದ್ದವರ ಹೆಸರು, ನಿರೂಪಣೆ ಮಾಡಿದವರ ಹೆಸರು, ವಂದಿಸಿದವರ ಹೆಸರು. ಗೆದ್ದ ಪೈಲ್ವಾನನ ಹೆಸರೇ ಇಲ್ಲ! ಆ ಹುಡುಗ ಪೇಪರ್ ಹಿಡಕೊಂಡು ಬಂದು, "ಸರ, ನನ್ನ ಹೆಸರು ಯಾವ ಪುಟದಾಗ ಐತ್ರೀ?" ಅಂತ ಕೇಳಿದ. ಏನು ಹೇಳಲಿ?

ಇನ್ನು ತಾಲ್ಲೂಕು ವರದಿಗಾರರ ನಡುವಿನ 'ಪೈಪೋಟಿ'. ಒಬ್ಬ ಬರೀತಾನೆ, ಉಳಿದವರು ತರಿಸಿಕೊಳ್ತಾರೆ. ಮೊದಲು ಜೆರಾಕ್ಸ್ ಪ್ರತಿ, ಈಗ ವಾಟ್ಸಾಪ್. ಒಬ್ಬ ಊರಿನ ಹೆಸರು ತಪ್ಪು ಬರೆದರೆ ನಾಲ್ಕೂ ಪತ್ರಿಕೆಯಲ್ಲಿ ಅದೇ ತಪ್ಪು. ಹಾಗಂತ ಅವರನ್ನೇ ಬೈಯೋಕೂ ಮನಸ್ಸು ಬರಲ್ಲ. ಬಿಡಿ ಸುದ್ದಿಗಾರನಿಗೆ ಸಿಗೋ ದುಡ್ಡು ಪೆಟ್ರೋಲಿಗೂ ಸಾಲದು. ಮೇಲಿಂದ ಹಬ್ಬಕ್ಕೊಮ್ಮೆ ಜಾಹೀರಾತು ತರಬೇಕು. ಜಾಹೀರಾತು ಕೊಡೋರೇ ಗದೆ ಕೊಡೋರು. ಈಗ ಗೊತ್ತಾಯ್ತಲ್ಲ, ಯಾರ ಹೆಸರು ಮೊದಲು ಬರುತ್ತೆ ಅಂತ?

ಅಥಣಿಯಲ್ಲಿ, ಕಾಗವಾಡದಲ್ಲಿ ಕುಸ್ತಿ, ಕಬಡ್ಡಿ, ಖೋಖೋ ಅಂದ್ರೆ ಪಾಯಿಂಟ್ ಸಮೇತ ಹೇಳೋ ಹುಡುಗರು ಬೇಕಾದಷ್ಟಿದ್ದಾರೆ. ಬರೆಯೋ ಕೈಯೂ ಇದೆ. ಆದರೆ ಅವರ ಬರಹ ಜಿಲ್ಲಾ ಪುಟ ದಾಟಿ ಕ್ರೀಡಾ ವಿಭಾಗದ ಮೇಜಿಗೆ ಹೋಗೋ ದಾರಿಯೇ ಇಲ್ಲ. ಆ ಮೇಜು ಇರೋದು ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿ. ಕೊಲ್ಹಾಪುರ ನಿಪ್ಪಾಣಿಯಿಂದ ಸುಮಾರು ನಲವತ್ತು ಕಿಲೋಮೀಟರ್. ಅಲ್ಲಿ 1912ರಲ್ಲಿ ಶಾಹೂ ಮಹಾರಾಜರ ಕಾಲದಲ್ಲಿ ಕಟ್ಟಿದ ಖಾಸಬಾಗ ಮೈದಾನವಿದೆ, ತಾಲೀಮುಗಳಿವೆ, ಕುಸ್ತಿ ಬಲ್ಲ ಪತ್ರಕರ್ತರೂ ಇದ್ದಾರೆ.

ಒಂದು ಹೆಸರು ಕೇಳ್ತೀನಿ. ಶ್ರೀಪತಿ ಖಂಚನಾಳೆ ಗೊತ್ತಾ? 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಮಲ್ಲನನ್ನು ಸೋಲಿಸಿ ಹಿಂದ್ ಕೇಸರಿ ಆದವರು. ಊರು ಇದೇ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾ. ಕೊಲ್ಹಾಪುರದಲ್ಲಿ ತಯಾರಾದರು, 2020ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ದೇಶವೆಲ್ಲ ಅವರನ್ನ ಮಹಾರಾಷ್ಟ್ರದ ಮಲ್ಲ ಅಂತಲೇ ಕರೀತದೆ. ಇದಕ್ಕೆ ಮರಾಠಿಯವರನ್ನ ಬೈಯಬೇಡಿ. ಅವರು ಅನ್ನ ಹಾಕಿದರು, ಬರೆದರು. ನಾವು? ಗಡಿ ಅಂದ ಕೂಡಲೇ ಬೋರ್ಡಿನ ಜಗಳಕ್ಕೆ ಮುಖಪುಟ ಕೊಡ್ತೀವಿ, ಗಡಿಯ ಹುಡುಗನಿಗೆ ಎರಡು ಇಂಚು ಜಾಗ ಕೊಡಲ್ಲ.

"ಓದುಗರಿಗೆ ಕ್ರಿಕೆಟ್ಟೇ ಬೇಕು" ಅಂತಾರೆ. ಹಾಗಾದರೆ ಉರಿಬಿಸಿಲಲ್ಲಿ ಮರ, ಮಾಳಿಗೆ ಹತ್ತಿ ಕುಸ್ತಿ ನೋಡೋರು ಯಾರು, ಓದುಗರಲ್ವಾ? "ಜಾತ್ರೆ ಕುಸ್ತಿಯಲ್ಲಿ ಹೊಂದಾಣಿಕೆ ಇರುತ್ತೆ" ಅಂತಾರೆ. ಇರುತ್ತೆ, ನಾನೇ ನೋಡೀನಿ. ಅದಕ್ಕೇ ಅಲ್ವಾ ಕುಸ್ತಿ ತಿಳಿದ ವರದಿಗಾರ ಬೇಕಿರೋದು? ಖರೆ ಯಾವುದು, ಸುಳ್ಳು ಯಾವುದು ಅಂತ ಬರೆಯೋಕೆ?

ನಿಜವಾದ ಪೈಪೋಟಿ ಬೇಕಂದ್ರೆ ಹೆಚ್ಚೇನೂ ಬೇಡ. ಈ ಐದು ತಾಲ್ಲೂಕಿಗೆ ಪ್ರತಿ ಪತ್ರಿಕೆ ಒಬ್ಬನನ್ನಾದರೂ ಆಟಕ್ಕಾಗಿಯೇ ಇಡಲಿ, ಬೈಲೈನ್ ಕೊಡಲಿ, ಹೊಟ್ಟೆ ತುಂಬೋವಷ್ಟು ಸಂಬಳ ಕೊಡಲಿ. ಅವರವರೇ ಕುಸ್ತಿ ಹಿಡೀಲಿ, ಗೆಲ್ಲೋದು ಓದುಗ.

ನಾನೂ ಸಾಚಾ ಅಲ್ಲ ಬಿಡಿ. ಆವತ್ತು ಬರೆದ ಎರಡು ಪುಟದಲ್ಲಿ ಮೊದಲ ಸಾಲು ಯಾರದಿತ್ತು ಗೊತ್ತಾ? ಗದೆ ಕೊಟ್ಟ ಮುಖಂಡರದು. ಆ ಹುಡುಗನ ಹೆಸರು ಎರಡನೇ ಪುಟದಲ್ಲಿತ್ತು. ಡೆಸ್ಕಿನವರು ಕೆಳಗಿಂದ ಕತ್ತರಿಸಿದರು, ಅಷ್ಟೇ.