‘ಕಲುಷಿತ ನೀರು’ ಅಂದರೆ ಉತ್ತರ ಆಗೋದಿಲ್ಲ. ಯಾವ ತಳಿ, ಎಲ್ಲಿಂದ ಬಂತು ಹೇಳಿ

ನಾಳೆ ಕಲಬುರಗಿ ಜಿಲ್ಲೆಯ ಗೊಬ್ಬೂರದಾಗ ಹದಿನೈದು ಮಂದಿಗೆ ವಾಂತಿ-ಭೇದಿ ಶುರುವಾಯಿತು ಅಂದ್ಕೊಳ್ಳಿ. ಮುಂದೇನಾಗುತ್ತದೆ ಅಂತ ನಮಗೆಲ್ಲ ಬಾಯಿಪಾಠ. ಶಾಲೆಯ ಕೋಣೆಯಲ್ಲಿ ಸಲೈನ್ ಬಾಟಲಿ ತೂಗಾಡುತ್ತವೆ, ಟ್ಯಾಂಕರ್ ಬರುತ್ತದೆ, ಪಿಡಿಒಗೋ ವಾಟರ್‌ಮನ್‌ಗೋ ಅಮಾನತು, ಆಮೇಲೆ ಮಂತ್ರಿಗಳ ಭೇಟಿ. ಯಾರಾದರೂ ಸತ್ತಿದ್ದರೆ ಪರಿಹಾರದ ಚೆಕ್. ವಾರದ ನಂತರ ಕಡತದಲ್ಲಿ ಉಳಿಯೋದು ಎರಡೇ ಪದ: ಕಲುಷಿತ ನೀರು.

2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತಾಗ ಇದೇ ಆಯಿತು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲೂ ಇದೇ. ಅಲ್ಲಂತೂ ಮೊದಲ ದಿನಗಳಲ್ಲಿ ನೀರಿಗೆ ವಿಷ ಬೆರೆಸಿದ್ದಾರೆ ಎಂಬ ಮಾತೂ ಎದ್ದಿತು. ಜಾತಿಯ ಗೋಡೆ ಇರುವ ಊರಲ್ಲಿ ಅಂಥ ಮಾತು ಸುಮ್ಮನೆ ಹುಟ್ಟೋದಿಲ್ಲ. ಅದನ್ನು ಹೌದು ಅಥವಾ ಅಲ್ಲ ಎನ್ನಬೇಕಾದದ್ದು ಪ್ರಯೋಗಾಲಯ, ಅದೂ ಬೇಗ. ರೋಗಾಣು ಇತ್ತು ಅಂದಷ್ಟಕ್ಕೆ ಅದರ ಕೆಲಸ ಮುಗಿಯೋದಿಲ್ಲ ಎಂಬುದು ನನ್ನ ವಾದ. ಕಾಲರಾ ಅಂದರೆ ಒಂದೇ ರೋಗಾಣು ಅಲ್ಲ, ಅದರಲ್ಲಿ ಎಷ್ಟೋ ತಳಿಗಳಿವೆ. ಎಲ್ಲಿಂದ ಬಂತು ಅಂತ ಕೇಳಬೇಕಾದರೆ ಮೊದಲು ಯಾವ ತಳಿ ಅಂತ ಗೊತ್ತಿರಬೇಕು.

ಇದಕ್ಕೆ ಹಳೆಯ, ಅಗ್ಗದ ಒಂದು ವಿಧಾನವಿದೆ. ಬ್ಯಾಕ್ಟೀರಿಯಾಗಳನ್ನೇ ತಿಂದು ಬದುಕುವ ವೈರಸ್‌ಗಳಿವೆ, ಅವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು. ಇವಕ್ಕೆ ಬಾಯಿರುಚಿ ಜಾಸ್ತಿ. ಒಂದು ಫೇಜ್ ಒಂದು ತಳಿಯನ್ನು ಒಡೆದು ಸಾಯಿಸಿದರೆ, ಪಕ್ಕದ ತಳಿಯನ್ನು ಮೂಸಿಯೂ ನೋಡೋದಿಲ್ಲ. ರೋಗಿಯಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಪ್ಲೇಟ್ ಮೇಲೆ ತೆಳುವಾಗಿ ಹರಡಿ, ನಂಬರ್ ಹಾಕಿದ ಫೇಜ್‌ಗಳನ್ನು ಒಂದೊಂದು ಹನಿ ಇಟ್ಟು, ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಬೆಳಿಗ್ಗೆ ಎಲ್ಲೆಲ್ಲಿ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಚುಕ್ಕೆ ಬಿದ್ದಿದೆಯೋ, ಆ ಚುಕ್ಕೆಗಳ ವಿನ್ಯಾಸವೇ ತಳಿಯ ಗುರುತು. ಹೆಬ್ಬೆಟ್ಟಿನ ಗುರುತಿದ್ದ ಹಾಗೆ, ಆದರೆ ಅಷ್ಟು ಖಚಿತವಲ್ಲ. ಅದನ್ನು ಆಮೇಲೆ ಹೇಳ್ತೀನಿ.

ಕಾಲರಾದ ವಿಷಯದಲ್ಲಿ ಈ ವಿದ್ಯೆ ಹೊರದೇಶದ ಸಾಲ ಅಲ್ಲ. ಎಲ್ ಟಾರ್ ಕಾಲರಾ ತಳಿಗಳನ್ನು ಫೇಜ್‌ಗಳಿಂದ ವಿಂಗಡಿಸುವ ಪದ್ಧತಿಯನ್ನು 1968ರಲ್ಲಿ ರೂಪಿಸಿದವರು ಕಲ್ಕತ್ತೆಯ ಬಸು ಮತ್ತು ಮುಖರ್ಜಿ. ನಮ್ಮ ದೇಶದ ಹೆಚ್ಚಿನ ತಳಿಗಳು ಅದರಲ್ಲಿ ಎರಡೇ ಗುಂಪಿಗೆ ಬೀಳುತ್ತಿದ್ದವು, ಜರಡಿ ಸಾಲದಾಯಿತು. 1993ರಲ್ಲಿ ಹೊಸ ಫೇಜ್‌ಗಳನ್ನು ಸೇರಿಸಿ ಅದನ್ನು ಸೂಕ್ಷ್ಮಗೊಳಿಸಿದರು. ಹಿಂದಿನ ವರ್ಷ, 1992ರಲ್ಲಿ, ಮದ್ರಾಸಿನಲ್ಲಿ ಓ139 ಎಂಬ ಹೊಸ ಕಾಲರಾ ಕಾಣಿಸಿಕೊಂಡಿತ್ತು. ಅದಕ್ಕೂ ಬೇರೆಯೇ ಫೇಜ್‌ಗಳನ್ನು ಹುಡುಕಬೇಕಾಯಿತು. ದೇಶದ ಬೇರೆ ಬೇರೆ ಕಡೆಯಿಂದ ತಳಿಗಳನ್ನು ಕೋಲ್ಕತ್ತದ ಐಸಿಎಂಆರ್ ಸಂಸ್ಥೆಗೆ ಕಳಿಸಿ ಹೀಗೆ ಗುರುತು ಮಾಡಿಸುತ್ತಿದ್ದರು. ಟೈಫಾಯ್ಡ್ ಗುಂಪಿನ ಸಾಲ್ಮೊನೆಲ್ಲಾಗೆ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಇಂಥದೇ ಕೇಂದ್ರ ಇತ್ತು.

ಇದರಿಂದ ಆಗೋದೇನು? 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ನಾನೂರಕ್ಕೂ ಹೆಚ್ಚು ಜನರಿಗೆ ಟೈಫಾಯ್ಡ್ ಬಂತು. ಫೇಜ್ ಗುರುತು 34 ಅಂತ ತೋರಿಸಿತು. ಬ್ರಿಟನ್ನಿನಲ್ಲಿ ಅಪರೂಪದ, ದಕ್ಷಿಣ ಅಮೆರಿಕದಲ್ಲಿ ಕಾಣುವ ತಳಿ ಅದು. ಅಂಗಡಿಯಲ್ಲಿ ಮಾರಿದ್ದ ಅರ್ಜೆಂಟೀನಾದ ಡಬ್ಬಿ ಮಾಂಸದ ಮೇಲಿನ ಅನುಮಾನ ಗಟ್ಟಿಯಾಯಿತು. ಕಾರ್ಖಾನೆಯಲ್ಲಿ ಡಬ್ಬಿ ತಣಿಸಲು ಶುದ್ಧ ಮಾಡದ ನದಿ ನೀರು ಬಳಸಿದ್ದೇ ಕಾರಣ ಎಂಬ ಕಡೆಗೆ ತನಿಖೆ ಹೋಯಿತು. ಸಾವಿರಾರು ಮೈಲಿ ದೂರದ ಕಾರ್ಖಾನೆಯ ಹೊಣೆ ಚರ್ಚೆಗೆ ಬಂತು. ಅಲ್ಲಿಯ ವಾಟರ್‌ಮನ್ ಒಬ್ಬನನ್ನು ಮನೆಗೆ ಕಳಿಸಿ ಕೈ ತೊಳೆದುಕೊಳ್ಳಲಿಲ್ಲ.

ಈಗ ನಮ್ಮ ಕಡೆ ಬನ್ನಿ. ಭೀಮಾ ನದಿ ಪುಣೆ ಜಿಲ್ಲೆಯಲ್ಲಿ ಹುಟ್ಟಿ, ಪಂಢರಪುರ, ಸೊಲ್ಲಾಪುರ ಸೀಮೆ ದಾಟಿ ಅಫಜಲಪುರಕ್ಕೆ ಬರುತ್ತದೆ. ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಎರಡೂ ರಾಜ್ಯದ ಯಾತ್ರಿಕರು. ಹಿಂಗಿರುವಾಗ ಗೊಬ್ಬೂರದಂಥ ಊರಲ್ಲಿ ರೋಗ ಬಂದರೆ ನೆಪಕ್ಕೇನು ಬರ? ‘ಮ್ಯಾಲಿಂದ ಬಂತ್ರೀ’ ಅನ್ನಬಹುದು, ‘ಜಾತ್ರಿ ಮಂದಿ ತಂದ್ರು’ ಅನ್ನಬಹುದು. ತಳಿ ಗುರುತು ಮಾಡಿದರೆ ಈ ನೆಪಗಳನ್ನು ಪರೀಕ್ಷೆಗೆ ಹಚ್ಚಬಹುದು. ಸೊಲ್ಲಾಪುರದ ರೋಗಿಯ ತಳಿ ಬೇರೆ, ಊರ ರೋಗಿಗಳದು ಬೇರೆ ಅಂತಾದರೆ ಭೀಮೆಯ ಮೇಲೆ ಹಾಕುವ ಆರೋಪ ಸಡಿಲಾಗುತ್ತದೆ, ಊರ ಚರಂಡಿಯೊಳಗೆ ಹಾದುಹೋದ ಪೈಪ್ ಕಡೆ ನೋಡಲೇಬೇಕಾಗುತ್ತದೆ.

ತಿರುಗಾಮುರುಗಾ ಅಷ್ಟು ಸುಲಭವಲ್ಲ. ಒಂದೇ ಗುರುತು ಬಂತು ಅಂದಮಾತ್ರಕ್ಕೆ ಮೂಲ ಒಂದೇ ಅಂತ ಸಾಬೀತಾಗೋದಿಲ್ಲ, ಯಾಕಂದರೆ ಕೆಲವು ಗುರುತುಗಳು ದೇಶದ ತುಂಬ ಹರಡಿರುತ್ತವೆ. ಬ್ಯಾಕ್ಟೀರಿಯಾ ಬೇರೊಂದು ಫೇಜ್‌ನ ವಂಶವಾಹಿಯನ್ನು ಒಳಗಿಟ್ಟುಕೊಂಡು ತನ್ನ ಗುರುತನ್ನೇ ಬದಲಿಸಲೂಬಹುದು. ಆದ್ದರಿಂದಲೇ ಮುಂದುವರಿದ ದೇಶಗಳು ಫೇಜ್ ಪದ್ಧತಿ ಬಿಟ್ಟು ಬ್ಯಾಕ್ಟೀರಿಯಾದ ಇಡೀ ಜೀನೋಮ್ ಓದುವ ಕಡೆ ಹೊರಳಿವೆ. ಕೋವಿಡ್ ಕಾಲದಲ್ಲಿ ನಮ್ಮಲ್ಲೂ ಜೀನೋಮ್ ಎಂಬ ಪದ ಟಿವಿ ಚರ್ಚೆಗೆ ಬಂತು, ಡೆಲ್ಟಾ, ಒಮಿಕ್ರಾನ್ ಅಂತ ತಳಿಗಳ ಹೆಸರು ಮಕ್ಕಳಿಗೂ ಗೊತ್ತಾಯಿತು. ವಿಮಾನದಲ್ಲಿ ಬಂದ ರೋಗಕ್ಕೆ ಸಿಕ್ಕ ಆ ಮರ್ಯಾದೆ ನಲ್ಲಿಯಲ್ಲಿ ಬರುವ ರೋಗಕ್ಕೆ ಯಾಕೆ ಸಿಗಬಾರದು?

ಫೇಜ್ ಇರಲಿ ಜೀನೋಮ್ ಇರಲಿ, ಎರಡಕ್ಕೂ ಮೊದಲು ಬೇಕಾದದ್ದು ಜೀವಂತ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ ಕೊಟ್ಟ ಮೇಲೆ ಮಾದರಿ ತೆಗೆದರೆ ಅದು ಬೆಳೆಯುವ ಸಾಧ್ಯತೆ ಕಡಿಮೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದ ಮೇಲೆ ತುಂಬಿದ ನೀರಲ್ಲಿ ಏನೂ ಸಿಗದಿದ್ದರೆ ಅದು ನಿರ್ದೋಷಿತ್ವದ ಪ್ರಮಾಣಪತ್ರ ಅಲ್ಲ. ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದಾಗ, ಗ್ರಾಮಸಭೆಯಲ್ಲಾಗಲಿ ಆರ್‌ಟಿಐ ಅರ್ಜಿಯಲ್ಲಾಗಲಿ, ಪರಿಹಾರ ಎಷ್ಟು ಅನ್ನೋದರ ಜೊತೆಗೆ ಇಷ್ಟನ್ನೂ ಕೇಳಿ: ರೋಗಿಯ ಮಲದ ಮಾದರಿ ತೆಗೆದದ್ದು ಔಷಧ ಕೊಡುವ ಮೊದಲೋ ಆಮೇಲೋ? ನೀರಿನ ಮಾದರಿ ಕ್ಲೋರಿನ್ ಹಾಕುವ ಮೊದಲೋ ಆಮೇಲೋ? ಬೆಳೆದ ತಳಿಯನ್ನು ಯಾವ ಪ್ರಯೋಗಾಲಯಕ್ಕೆ ಕಳಿಸಿದಿರಿ, ಅದೀಗ ಫ್ರೀಜರ್‌ನಲ್ಲಿದೆಯೋ, ಎಸೆದುಬಿಟ್ಟಿರೋ?