ಅಜ್ಜಿಗೂ ಒಂದು ಟಿಕೆಟ್

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಐದೂ ಜನ ಸಿಂಗಪುರದಿಂದ ಹಡಗು ಪ್ರವಾಸ ಹೊರಟಿದ್ದೆವು. ಹಡಗು ಇಳಿದ ಮೇಲೆ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್ ನೋಡುವ ಆಸೆ. ಖರ್ಚಿನ ಲೆಕ್ಕ ಕೇಳಿ ನಮ್ಮನೆ ಅಜ್ಜಿ, "ನಾನು ಹೊರಗೇ ಕೂತಿರ್ತೀನಿ. ನನಗ್ಯಾಕೆ ದುಡ್ಡು ದಂಡ?" ಅಂದಳು. ಮೊಮ್ಮಗಳ ಮುಖ ಬಾಡಿತು.

"ತಾತ, ಉಳಿಸೋಣ ಬನ್ನಿ" ಎಂದು ಅವಳೇ ನೋಟ್‌ಬುಕ್ ಹಿಡಿದು ಕೂತಳು.

ಬಂದರಿನಿಂದ ಟ್ಯಾಕ್ಸಿ ಬೇಡ. ಮರೀನಾ ಸೌತ್ ಪಿಯರ್ ಮೆಟ್ರೊ ನಿಲ್ದಾಣ ಪಕ್ಕದಲ್ಲೇ ಇದೆ. ದ್ವೀಪದ ದುಬಾರಿ ಹೋಟೆಲ್ ಬೇಡ. ಲಿಟಲ್ ಇಂಡಿಯಾದಲ್ಲಿ ಉಳಿದರೆ ಇಡ್ಲಿಯೂ ಸಿಗುತ್ತದೆ, ಹಾರ್ಬರ್‌ಫ್ರಂಟ್‌ಗೆ ನೇರ ಮೆಟ್ರೊವೂ ಇದೆ. ಅಲ್ಲಿಂದ ದ್ವೀಪಕ್ಕೆ ರೈಲಿನಲ್ಲಿ ಹೋದರೆ ತಲೆಗೆ 4 ಡಾಲರ್. ಸಮುದ್ರದ ಮೇಲಿನ ಕಾಲುದಾರಿಯಲ್ಲಿ ನಡೆದರೆ ಒಂದು ಕಾಸೂ ಇಲ್ಲ. ಐದು ಜನಕ್ಕೆ 20 ಡಾಲರ್ ಉಳಿಯಿತು! ಪಾರ್ಕಿನಲ್ಲಿ 4ರಿಂದ 12 ವರ್ಷದ ಮಕ್ಕಳಿಗೂ 60 ದಾಟಿದವರಿಗೂ ಟಿಕೆಟ್ ಕಡಿಮೆ. ರೇನ್‌ಕೋಟ್, ನೀರಿನ ಬಾಟಲಿ ಮನೆಯಿಂದಲೇ ಬಂದವು.

ಕೊನೆಗೆ ಅಜ್ಜಿಯೂ ಒಳಗೆ ಬಂದಳು. ಜುರಾಸಿಕ್ ಪಾರ್ಕಿನ ದೋಣಿಯಲ್ಲಿ ರೇನ್‌ಕೋಟ್ ಇದ್ದರೂ ಸೀರೆಯೆಲ್ಲ ಒದ್ದೆ. ಇಳಿದವಳೇ ಕೇಳಿದಳು: "ಇನ್ನೊಂದು ಸಲ ಹೋಗೋಣ್ವಾ?"

ಮಕ್ಕಳೇ, ಪ್ರವಾಸದಲ್ಲಿ ದುಡ್ಡು ಉಳಿಸಿ. ಆದರೆ ಮನೆಯವರಲ್ಲಿ ಒಬ್ಬರನ್ನು ಹೊರಗೆ ಕೂರಿಸಿ ಉಳಿಸಬೇಡಿ.