ಕೊರಳಿಗೆ ಕಟ್ಟಿದ ವಸ್ತ್ರ ಯಾರ ಸುಖಕ್ಕೆ?

ಜಯನಗರದಲ್ಲಿ ಈಚಿನ ವರ್ಷಗಳಲ್ಲಿ ಹೊಸ ಅಲಂಕಾರವೊಂದು ರೂಢಿಗೆ ಬಂದಿದೆ. ಸಾಕುನಾಯಿಯ ಕೊರಳಿಗೆ ಮುಕ್ಕೋನಾಕಾರದ ಬಣ್ಣದ ಅರಿವೆಯೊಂದನ್ನು ಕಟ್ಟಿ ಬೀದಿಗೆ ಕರೆತರುತ್ತಾರೆ. ಇದಕ್ಕೆ ಬಂಡಾನಾ ಎಂದು ಹೆಸರು. ಮಾಧವನ್ ಪಾರ್ಕಿನ ಸುತ್ತಣ ರಸ್ತೆಗಳಲ್ಲಿ, ನಾಲ್ಕನೆಯ ಬ್ಲಾಕಿನ ಅಂಗಡಿ ಸಾಲುಗಳಲ್ಲಿ ಬೆಳಗು ಸಂಜೆ ಇದನ್ನು ನೋಡಬಹುದು. ರಾಜ್ಯೋತ್ಸವಕ್ಕೆ ಹಳದಿ ಕೆಂಪು, ಕ್ರಿಕೆಟ್ ಕಾಲದಲ್ಲಿ ಬೆಂಗಳೂರು ತಂಡದ ಬಣ್ಣ, ದೀಪಾವಳಿಗೆ ಜರಿಯಂಚಿನ ರೇಷ್ಮೆ. ಅನ್ಯರ ಮನೆಯ ರೂಢಿಯನ್ನು ತೂಗಿ ನೋಡುವುದು ನಮ್ಮ ಕೆಲಸವಲ್ಲ. ಆದರೆ ಇದು ನಮ್ಮ ಶ್ರಾವಕರ ಮನೆಗಳನ್ನೂ ಹೊಕ್ಕಿದೆ. ಅಷ್ಟಕ್ಕೇ ನಿಲ್ಲದೆ, ಮಹಾವೀರ ಜಯಂತಿಯಂದು ಬಡಾವಣೆಯ ನಾಯಿಗಳಿಗೆಲ್ಲ ಧರ್ಮಚಿಹ್ನೆ ಮುದ್ರಿಸಿದ ವಸ್ತ್ರವನ್ನು ತೊಡಿಸೋಣ, ಅದರ ವೆಚ್ಚವನ್ನು ಜೀವದಯಾ ನಿಧಿಯಿಂದ ಭರಿಸೋಣ ಎಂಬ ಮಾತು ನಮ್ಮವರ ಬಾಯಿಂದಲೇ ಕೇಳಿಬರುತ್ತಿದೆ. ಈ ಕಾರಣದಿಂದ ಮೌನವಾಗಿರುವುದು ಉಚಿತವೆನಿಸಲಿಲ್ಲ.

ಈ ಅಲಂಕಾರದ ಪರವಾಗಿ ಎರಡು ಸಮರ್ಥನೆಗಳಿವೆ: ನಾಯಿ ಚೆಂದ ಕಾಣುತ್ತದೆ, ಅದಕ್ಕೆ ಹಿತವೂ ಆಗುತ್ತದೆ. ಚೆಂದ ಕಾಣುವುದು ನೋಡುವವರ ಕಣ್ಣಿಗೆ; ನಾಯಿ ಕನ್ನಡಿಯ ಮುಂದೆ ನಿಂತು ತನ್ನ ಕೊರಳನ್ನು ನೋಡಿಕೊಂಡು ಹಿಗ್ಗಿದ್ದನ್ನು ಯಾರೂ ಕಂಡಿಲ್ಲ. ಹಿತದ ಮಾತನ್ನು ಮಾತ್ರ ವಿಚಾರಿಸಿ ನೋಡಬೇಕು.

ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನ ಮೆತ್ತೆಗಳಲ್ಲಿ ಸ್ವಲ್ಪ ಬೆವರುಂಟು, ಅಷ್ಟೆ. ಅದರ ಮೈ ತಣಿಯುವುದು ಮುಖ್ಯವಾಗಿ ನಾಲಗೆ ಚಾಚಿ ತೇಕುವುದರಿಂದ. ಬಾಯಿ ಮತ್ತು ಶ್ವಾಸಮಾರ್ಗದ ತೇವ ಆವಿಯಾಗುತ್ತ ಒಳಗಿನ ಶಾಖವನ್ನು ಹೊರಗೊಯ್ಯುತ್ತದೆ. ಅದರ ಸಹಜ ದೇಹೋಷ್ಣ ಸುಮಾರು 38ರಿಂದ 39 ಡಿಗ್ರಿ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಹೊರಗಿನ ಗಾಳಿ ಮೈಯಷ್ಟೇ ಬಿಸಿಯಾದಾಗ ಆ ಜೀವಕ್ಕೆ ತೇಕುವುದೊಂದೇ ಗತಿ. ಅಂಥ ಹೊತ್ತಿನಲ್ಲಿ ಒಣಗಿದ ದಪ್ಪ ಅರಿವೆಯನ್ನು ಕೊರಳಿಗೆ ಬಿಗಿದರೆ ಅದು ಹಿತವಾಗುವುದು ಹೇಗೆ? ನೀರಿನಲ್ಲಿ ಅದ್ದಿ ಹಿಂಡಿದ ತೆಳುವಾದ ಹತ್ತಿಬಟ್ಟೆ ಕೆಲಹೊತ್ತು ತಂಪು ಕೊಡುವುದು ನಿಜ; ಒಣಗಿದ ಮೇಲೆ ಅದೂ ಹೊರೆಯೇ. ಮಳೆಗಾಲದಲ್ಲಿ ಒದ್ದೆಯಾದ ಬಟ್ಟೆಯ ಕೆಳಗೆ ಚರ್ಮ ಕೆಡುತ್ತದೆ, ಉಣ್ಣಿ ಸೇರಿಕೊಂಡರೂ ಕಣ್ಣಿಗೆ ಬೀಳುವುದಿಲ್ಲ. 2003ರ ಹಚ್ ಜಾಹೀರಾತಿನ ಬಳಿಕ ಮನೆಮನೆಗೆ ಬಂದ ಪಗ್ ತಳಿಯ ಅವಸ್ಥೆ ಇನ್ನೂ ಕಷ್ಟದ್ದು. ಚಪ್ಪಟೆ ಮೂತಿಯ ಆ ಜೀವಕ್ಕೆ ಬರಿಗೊರಳಿನಲ್ಲಿ ಉಸಿರಾಡುವುದೇ ಪ್ರಯಾಸ.

ನಾಯಿಗೆ ಬೇಸರವಾದರೆ ತಿಳಿಯದೇ ಎನ್ನುವವರಿದ್ದಾರೆ. ತಿಳಿಯುತ್ತದೆ, ನೋಡುವವರಿಗೆ. ತುಟಿ ನೆಕ್ಕಿಕೊಳ್ಳುವುದು, ಮೈ ಕೊಡವುವುದು, ಕಿವಿ ಹಿಂದಕ್ಕೊತ್ತಿ ಕಲ್ಲಿನಂತೆ ನಿಂತುಬಿಡುವುದು ಅದರ ಭಾಷೆ. ನಾವೋ, ಅದು ಕಲ್ಲಿನಂತೆ ನಿಂತ ಗಳಿಗೆಯಲ್ಲೇ ಫೋಟೋ ತೆಗೆದು, ಎಷ್ಟು ಸೊಗಸಾಗಿ ನಿಂತಿದೆ ಎನ್ನುತ್ತೇವೆ.

ಬಂಡಾನಾ ಎಂಬ ಪದ ಪರದೇಶದ್ದೆಂದು ಹಲವರು ತಿಳಿದಿದ್ದಾರೆ. ಅದು ಇಂಗ್ಲಿಷಿಗೆ ಹೋದದ್ದೇ ನಮ್ಮ ದೇಶದಿಂದ. ಬಟ್ಟೆಯನ್ನು ಗಂಟು ಕಟ್ಟಿ ಬಣ್ಣ ಹಾಕುವ ಬಾಂಧನೂ ಕಲೆಯಿಂದ ಆ ಪದ ಹುಟ್ಟಿತು. ಜಯನಗರದ ಗುಜರಾತಿ, ಮಾರವಾಡಿ ಬಂಧುಗಳ ಮನೆಯ ಬಾಂಧಣಿ ಸೀರೆಯೂ ಅದೇ ಮೂಲದ್ದು. ಕಟ್ಟುವುದೆಂಬ ಅರ್ಥದ ಈ ಧಾತು ನಮಗೆ ಬೇರೊಂದು ಕಡೆಯಿಂದಲೂ ಪರಿಚಿತ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಪ್ರಾಣಿಯನ್ನು ಅದರ ಇಚ್ಛೆಗೆ ವಿರುದ್ಧವಾಗಿ ಕಟ್ಟಿಹಾಕುವುದು ಕೊಲೆಗೆ ಸಮವಲ್ಲದಿದ್ದರೂ ವ್ರತಕ್ಕೆ ಕಳಂಕವೆಂದು ಆಚಾರ್ಯರು ಬಗೆದರು. ಮೂರು ಗೇಣು ಬಟ್ಟೆಯನ್ನು ಸರಪಳಿಗೆ ಹೋಲಿಸುವುದು ಅತಿಯಾಯಿತೆಂದು ವಾಚಕರು ಹೇಳಬಹುದು. ಹೋಲಿಸುತ್ತಿಲ್ಲ. ಇಲ್ಲಿ ಮುಖ್ಯವಾಗಿ ಅನ್ವಯಿಸುವುದು ಗುಣವ್ರತಗಳಲ್ಲೊಂದಾದ ಅನರ್ಥದಂಡವಿರತಿ; ಪ್ರಯೋಜನವಿಲ್ಲದೆ ಜೀವಕ್ಕೆ ಕೊಡುವ ಉಪದ್ರವದಿಂದ ದೂರವಿರುವುದು. ಉಪದ್ರವ ಅಲ್ಪವಾದರೂ ಪ್ರಯೋಜನ ಶೂನ್ಯವಾದಾಗ ದೋಷ ತಪ್ಪುವುದಿಲ್ಲ. ಇನ್ನು ಬಾಹ್ಯ ಪರಿಗ್ರಹದ ಗಣನೆಯಲ್ಲಿ ಚತುಷ್ಪದಗಳೂ ಸೇರಿವೆ. ಸ್ವತ್ತೆಂದು ಬಗೆದುದನ್ನೇ ಮನುಷ್ಯನು ಸಿಂಗರಿಸಿ ಪ್ರದರ್ಶಿಸುತ್ತಾನೆ.

ರೇಷ್ಮೆಯ ಮಾತನ್ನು ಬೇರೆಯಾಗಿ ಹೇಳಲೇಬೇಕು. ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳೊಳಗಿನ ಜೀವವನ್ನು ಆವಿಯಲ್ಲೋ ಬಿಸಿಗಾಳಿಯಲ್ಲೋ ಕೊಂದ ಬಳಿಕವೇ ನೂಲು ಬಿಚ್ಚುವುದು ರೂಢಿ. ಒಂದು ತ್ರಸಜೀವಿಯ ಕೊರಳಿಗೆ ಕಟ್ಟಲು ನೂರಾರು ತ್ರಸಜೀವಿಗಳ ಪ್ರಾಣ! ಇದನ್ನು ಪ್ರಾಣಿಪ್ರೇಮವೆಂದು ಕರೆಯಲು ನಾಲಗೆ ಹೇಗೆ ಏಳುತ್ತದೆಯೋ ತಿಳಿಯದು. (ನಮ್ಮ ಮದುವೆಮನೆಗಳ ರೇಷ್ಮೆಯ ಬಗ್ಗೆಯೂ ಈ ಪ್ರಶ್ನೆ ಏಳುತ್ತದೆ. ಏಳಲಿ.)

ಎದುರು ಪಕ್ಷದ ಒಂದು ವಾದಕ್ಕೆ ಮಾತ್ರ ತೂಕವಿದೆ. ಬೀದಿಯಲ್ಲಿ ಹುಟ್ಟಿದ ನಾಡನಾಯಿಯನ್ನು ಕಂಡು ಹೆದರುವ ಜನ, ಅದರ ಕೊರಳಲ್ಲಿ ಬಣ್ಣದ ಬಟ್ಟೆ ಕಂಡಾಗ ಇದು ಯಾರಿಗೋ ಬೇಕಾದ ಜೀವವೆಂದು ಕಲ್ಲೆಸೆಯುವುದನ್ನು ಬಿಡುತ್ತಾರೆ. ದತ್ತು ಶಿಬಿರಗಳಲ್ಲಿ ಅಂಥ ಮರಿಗೆ ಬೇಗ ಮನೆ ಸಿಗುತ್ತದೆ ಎನ್ನುತ್ತಾರೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಶಿಬಿರದ ಎರಡು ಗಂಟೆ ಹತ್ತಿಬಟ್ಟೆ ಕಟ್ಟಿ ಒಂದು ಮರಿಗೆ ಆಶ್ರಯ ದೊರೆತರೆ ಅಲ್ಲಿ ಪ್ರಯೋಜನವಿದೆ. ರಾತ್ರಿ ವಾಹನದ ದೀಪಕ್ಕೆ ಹೊಳೆಯುವ ಕೊರಳಪಟ್ಟಿಯಲ್ಲಿಯೂ ಪ್ರಯೋಜನವಿದೆ. ಡಿಸೆಂಬರಿನ ಚಳಿಯಲ್ಲಿ ಮುದಿನಾಯಿಗೆ, ಶಸ್ತ್ರಚಿಕಿತ್ಸೆಗೆ ರೋಮ ಬೋಳಿಸಿದ ನಾಯಿಗೆ ಹೊದಿಕೆ ಬೇಕೇ ಬೇಕು. ಇವೆಲ್ಲ ನಾಯಿಯ ಅಗತ್ಯದಿಂದ ಹೊರಟವು. ಧರ್ಮಚಿಹ್ನೆಯ ವಸ್ತ್ರ ಹೊರಟದ್ದು ಎಲ್ಲಿಂದ? ನಮ್ಮ ಸಮಾಜ ಜೀವದಯೆಯುಳ್ಳದ್ದೆಂದು ದಾರಿಹೋಕರು ಓದಲಿ ಎಂಬ ಆಸೆಯಿಂದ. ಆ ನಾಯಿ ಸಂಜೆಯೊಳಗೆ ಕೊಳೆಗುಂಡಿಯ ಬಳಿ ಹೊರಳಿದಾಗ ಆ ಚಿಹ್ನೆಯ ಗತಿಯೇನೆಂಬುದನ್ನೂ ಯೋಚಿಸಿದಂತಿಲ್ಲ.

ಭಾಸ್ಕರ ಕವಿ 1424ರಲ್ಲಿ ರಚಿಸಿದ ಜೀವಂಧರ ಚರಿತೆಯ ನಾಯಕನ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಏಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯ ಬಳಿ ಜೀವಂಧರ ಕುಮಾರ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದ. ಆ ಜೀವ ಸುದರ್ಶನ ಯಕ್ಷನಾಗಿ ಹುಟ್ಟಿ ಉಪಕಾರವನ್ನು ನೆನೆಯಿತು. ನಾಯಿ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅಂಥ ತಿರ್ಯಂಚರು ದೇಶವ್ರತವನ್ನೂ ಧರಿಸಬಲ್ಲರೆಂದು, ಐದನೆಯ ಗುಣಸ್ಥಾನದವರೆಗೆ ಏರಬಲ್ಲರೆಂದು ಆಗಮ ಹೇಳುತ್ತದೆ. ವ್ರತಕ್ಕೆ ಅರ್ಹವಾದ ಜೀವವನ್ನು ಬೊಂಬೆಯಂತೆ ಉಡಿಸಿ ತೊಡಿಸಿ ನಗುವುದು ಅದರ ಗೌರವಕ್ಕೆ ತಕ್ಕದ್ದಲ್ಲ.

2023ರಲ್ಲಿ ಆಗಿನ ಬಿಬಿಎಂಪಿ ನಡೆಸಿದ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ಅವಕ್ಕೆ ಬೇಕಾದದ್ದು ಪ್ರತಿವರ್ಷ ರೇಬೀಸ್ ಲಸಿಕೆ, ಸಂತಾನಹರಣ ಚಿಕಿತ್ಸೆ, ಗಾಯಕ್ಕೆ ಔಷಧ, ಬೇಸಗೆಯಲ್ಲಿ ನೀರು. ಚಿಕಿತ್ಸೆಯಾದ ನಾಯಿಯನ್ನು ಅದರ ಕಿವಿಯ ತುದಿಯ ಕತ್ತರಿಯಿಂದಲೇ ಗುರುತಿಸಬಹುದು, ಅದಕ್ಕೂ ಬಟ್ಟೆ ಬೇಕಿಲ್ಲ. ಬೀದಿನಾಯಿಗಳಿಗೆ ಆಹಾರ ನೀಡುವ ವ್ಯವಸ್ಥೆಯನ್ನು ನಿವಾಸಿಗಳ ಸಂಘಗಳು ಮಾಡಬೇಕೆಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೇ ಹೇಳುತ್ತವೆ. ಎಷ್ಟು ಸಂಘಗಳಲ್ಲಿ ನಮ್ಮವರು ಪದಾಧಿಕಾರಿಗಳಾಗಿದ್ದಾರೆ! ಅಲ್ಲಿ ಈ ವಿಷಯವನ್ನು ಎತ್ತಿದವರೆಷ್ಟು ಮಂದಿ?

ಜೀವದಯಾ ನಿಧಿ ಒಂದು ಸಂಕಲ್ಪದಿಂದ ಕೊಟ್ಟ ಹಣ. ಅಜ್ಜಿಯೊಬ್ಬರು ಪರ್ವದ ದಿನ ಸೆರಗಿನ ಗಂಟು ಬಿಚ್ಚಿ ಹಾಕಿದ ಹತ್ತು ರೂಪಾಯಿ ಜೀವದ ನೋವನ್ನು ಇಳಿಸಲಿ ಎಂದು ಬಂದದ್ದೇ ಹೊರತು ದರ್ಜಿಯ ಅಂಗಡಿಗೆ ಹೋಗಲಿ ಎಂದಲ್ಲ. ಬಸದಿ, ಮಂದಿರಗಳ ಧರ್ಮದರ್ಶಿಗಳು ಇಂಥ ಬೇಡಿಕೆ ಬಂದಲ್ಲಿ ನಡಾವಳಿ ಪುಸ್ತಕದಲ್ಲಿ ಬರೆದೇ ನಿರಾಕರಿಸಬೇಕು. ಆ ಹಣದಲ್ಲಿ ಒಬ್ಬ ಪಶುವೈದ್ಯರನ್ನು ಕರೆಸಿ ಬೀದಿಯ ನಾಯಿಗಳಿಗೆ ಲಸಿಕೆ ಹಾಕಿಸಲಿ. ಫೆಬ್ರವರಿ ಕೊನೆಯೊಳಗೆ ಗೇಟಿನ ಹೊರಗೆ, ನೆರಳಿರುವ ಕಡೆ, ಸಿಮೆಂಟಿನ ನೀರುತೊಟ್ಟಿಯನ್ನಿರಿಸಲಿ. ತೊಟ್ಟಿ ಆಳವಿಲ್ಲದ್ದಾಗಿರಲಿ, ಮರಿ ಬಿದ್ದರೆ ಏರಿ ಬರುವಂತಿರಲಿ. ನೀರನ್ನು ಪ್ರತಿದಿನ ಗಿಡಗಳಿಗೆ ಚೆಲ್ಲಿ, ತೊಟ್ಟಿಯ ಗೋಡೆಯನ್ನು ಉಜ್ಜಿ, ಸೋಸಿದ ಹೊಸ ನೀರು ತುಂಬಬೇಕು. ನಾಲ್ಕು ದಿನ ಹಾಗೆಯೇ ಬಿಟ್ಟರೆ ಸೊಳ್ಳೆಯ ಮರಿಗಳಾಗಿ, ಆಮೇಲೆ ಚೆಲ್ಲಿದಾಗ ಅವುಗಳ ಹಿಂಸೆಯೂ ನಮ್ಮ ಪಾಲಿಗೆ ಬರುತ್ತದೆ.